ಸರ್ಚ್ ಎಂಜಿನ್ ಪೈಪೋಟಿ: ಆಯ್ಕೆ ಪರದೆ, ಡಿಫಾಲ್ಟ್ ಒಪ್ಪಂದ, ಕ್ಲಿಕ್ ಡೇಟಾ. ಅಭಿಪ್ರಾಯ ಪತ್ರದಲ್ಲಿ ಯಾವುದಕ್ಕೆ ಒತ್ತು ಕೊಡಬೇಕು?

ಹುಡುಕುನೋಟ (ಪ್ರಶ್ನೆ)

ಸಾಮಾನ್ಯ ಸರ್ಚ್ ಎಂಜಿನ್ ಮಾರುಕಟ್ಟೆಯ ಬಗ್ಗೆ ಸ್ಪರ್ಧಾ ನಿಯಂತ್ರಕರಿಗೆ ಸಲ್ಲಿಸುವ ಅಭಿಪ್ರಾಯ ಪತ್ರವೊಂದರ ಕರಡು ತಯಾರಾಗುತ್ತಿದೆ. ಪುಟಮಿತಿ ಬಿಗಿಯಾಗಿದೆ, ಎಲ್ಲವನ್ನೂ ತುರುಕಲಾಗದು. ಸದ್ಯ ನಾಲ್ಕು ಬೇಡಿಕೆಗಳಿವೆ:

1. ಹೊಸ ಫೋನ್ ಆನ್ ಮಾಡಿದಾಗ ಸರ್ಚ್ ಎಂಜಿನ್ ಆರಿಸಿಕೊಳ್ಳುವ ಪರದೆ ಬರಬೇಕು.
2. ಪ್ರಬಲ ಕಂಪನಿ ಡಿಫಾಲ್ಟ್ (ಬಳಕೆದಾರ ಬದಲಿಸದಿದ್ದರೆ ತಾನಾಗಿ ಬರುವ) ಸ್ಥಾನಕ್ಕಾಗಿ ಹಣ ಕೊಡುವುದು ನಿಲ್ಲಬೇಕು.
3. ಹುಡುಕಾಟ ಮತ್ತು ಕ್ಲಿಕ್ ಡೇಟಾವನ್ನು (ಜನ ಏನು ಹುಡುಕಿದರು, ಯಾವ ಫಲಿತಾಂಶ ಒತ್ತಿದರು ಎಂಬ ದಾಖಲೆ) ಪ್ರತಿಸ್ಪರ್ಧಿಗಳಿಗೆ ಕೊಡಬೇಕು.
4. ಫಲಿತಾಂಶ ಪುಟದಲ್ಲಿ ತನ್ನದೇ ಸೇವೆಗಳನ್ನು ಮೇಲಕ್ಕೆ ಏರಿಸಿಕೊಳ್ಳಬಾರದು.

ತಲೆಬರಹದ ಮಟ್ಟದಲ್ಲಿ ಇವು ಸರಿ ಎನಿಸುತ್ತವೆ. ಒಳಗಿಳಿದರೆ ಮೂರು ಕಡೆ ಗಂಟು ಬೀಳುತ್ತದೆ. ಆಯ್ಕೆ ಪರದೆ ಒಂದು ಕಡೆ ಫಲ ಕೊಟ್ಟು ಇನ್ನೊಂದು ಕಡೆ ಕೊಡದೇ ಹೋಗಿದ್ದು ಏಕೆ? ಡಿಫಾಲ್ಟ್ ಹಣ ನಿಂತರೆ ಅದನ್ನೇ ನಂಬಿದ ಸ್ವತಂತ್ರ ಬ್ರೌಸರ್‌ಗಳ ಗತಿ ಏನು? ಡೇಟಾ ಹಂಚಿಕೆಯಲ್ಲಿ ನಿಖರವಾಗಿ ಏನೇನು ಕೇಳಬೇಕು, ಜನರ ಖಾಸಗಿತನ ಕೆಡದಂತೆ ಹೇಗೆ ಕೇಳಬೇಕು? ಬೇರೆ ದೇಶಗಳಲ್ಲಿ ಆದೇಶದ ಪದಗಳು ಎಲ್ಲಿ ಸಡಿಲವಾಗಿ ಕೈಕೊಟ್ಟವು ಎಂದು ಬಲ್ಲವರು ತಿಳಿಸಿದರೆ ಉಪಕಾರ.

---

ಒಪ್ಪಂದದ ಸಾಲು

ಎರಡನೇ ಬೇಡಿಕೆಯಿಂದ ಶುರು ಮಾಡುತ್ತೇನೆ. ಉಳಿದ ಮೂರಕ್ಕೂ ಅದರೊಂದಿಗೆ ನಂಟಿದೆ.

ಅಮೆರಿಕದ ನ್ಯಾಯ ಇಲಾಖೆ 2020ರ ಅಕ್ಟೋಬರ್‌ನಲ್ಲಿ ಗೂಗಲ್ ವಿರುದ್ಧ ಹೂಡಿದ ದಾವೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್ 5ರಂದು ಕೊಟ್ಟ ತೀರ್ಪನ್ನು ಕರಡಿಗೆ ಆಧಾರವಾಗಿ ಇಟ್ಟುಕೊಳ್ಳಿ. ಅದರಲ್ಲಿ ನಿಮಗೆ ಬೇಕಾದ ಅಂಕಿಗಳೆಲ್ಲ ಸಾಕ್ಷ್ಯದ ಮೇಲೆ ನಿಂತಿವೆ. 2020ರಲ್ಲಿ ಅಮೆರಿಕದ ಹುಡುಕಾಟಗಳಲ್ಲಿ ಗೂಗಲ್ ಪಾಲು ಶೇ 89.2, ಮೊಬೈಲ್‌ನಲ್ಲಿ ಶೇ 94.9. ಡಿಫಾಲ್ಟ್ ಸ್ಥಾನಗಳಿಗಾಗಿ 2021ರಲ್ಲಿ ಅದು ಕೊಟ್ಟ ಹಣ 2,630 ಕೋಟಿ ಡಾಲರ್. ಅಲ್ಲಿನ ಒಟ್ಟು ಹುಡುಕಾಟದಲ್ಲಿ ಸುಮಾರು ಅರ್ಧದಷ್ಟು ಈ ಒಪ್ಪಂದಗಳಿಗೆ ಒಳಪಟ್ಟ ಪ್ರವೇಶದ್ವಾರಗಳ (ಹುಡುಕಾಟ ಶುರುವಾಗುವ ಜಾಗಗಳ) ಮೂಲಕವೇ ಹೋಗುತ್ತಿತ್ತು. ಡಿಫಾಲ್ಟ್‌ಗೆ ಎಷ್ಟು ಬಲವಿದೆ ಎಂಬುದಕ್ಕೆ ಅದೇ ತೀರ್ಪಿನಲ್ಲಿ ಇನ್ನೊಂದು ಸಾಕ್ಷಿಯಿದೆ. ಮೈಕ್ರೋಸಾಫ್ಟ್‌ನ ಬಿಂಗ್ ಎಂಜಿನ್ ಡಿಫಾಲ್ಟ್ ಆಗಿರುವ ಎಡ್ಜ್ ಬ್ರೌಸರ್‌ನಲ್ಲಿ ಬಿಂಗ್ ಪಾಲು ಸುಮಾರು ಶೇ 80. ಉಳಿದ ಕಡೆ ಒಂದಂಕಿ ದಾಟದ ಎಂಜಿನ್ ಅದು.

ಹಣ ಹರಿಯುವ ಬಗೆಯನ್ನು ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಆದೇಶ ತೂತುಬೀಳುತ್ತದೆ. ಇದರಲ್ಲಿ ಎರಡು ಪದರಗಳಿವೆ. ಒಂದು ಆದಾಯ ಹಂಚಿಕೆ: ಆ ಬ್ರೌಸರ್ ಅಥವಾ ಫೋನಿನಿಂದ ಬಂದ ಹುಡುಕಾಟಗಳ ಜಾಹೀರಾತು ಆದಾಯದಲ್ಲಿ ಇಷ್ಟು ಪಾಲು ಎಂದು ಕೊಡುವುದು. ಆಪಲ್‌ನ ಸಫಾರಿಗೆ ಈ ಪಾಲು ಶೇ 36 ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಇನ್ನೊಂದು ಆ್ಯಪ್ ಕಟ್ಟು: ಪ್ಲೇ ಸ್ಟೋರ್ ಬೇಕಾದರೆ ಸರ್ಚ್ ಮತ್ತು ಕ್ರೋಮ್ ಎರಡನ್ನೂ ಫೋನಿನಲ್ಲಿ ಮೊದಲೇ ಹಾಕಿರಬೇಕೆಂಬ ಷರತ್ತು. ಈ ಎರಡನೆಯದೂ ಸೇರಿದ ಷರತ್ತುಗಳಿಗಾಗಿ ಯುರೋಪಿಯನ್ ಆಯೋಗ 2018ರ ಜುಲೈನಲ್ಲಿ 434 ಕೋಟಿ ಯೂರೋ ದಂಡ ಹಾಕಿದ್ದು. 2022ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು 412.5 ಕೋಟಿಗೆ ಇಳಿಸಿತು, ಆದರೆ ತೀರ್ಮಾನದ ಬಹುಪಾಲನ್ನು ಎತ್ತಿಹಿಡಿಯಿತು. ಭಾರತದ ಸ್ಪರ್ಧಾ ಆಯೋಗ ಕೂಡ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿದ್ದು ಇಂಥದೇ ಷರತ್ತುಗಳ ಮೇಲೆ.

ಒಂದು ಪದರವನ್ನಷ್ಟೇ ಮುಚ್ಚಿದರೆ ಒತ್ತಡ ಇನ್ನೊಂದಕ್ಕೆ ಜಾರುತ್ತದೆ. ಹಾಗಾಗಿ "ಡಿಫಾಲ್ಟ್ ಹಣ" ಎಂಬ ಪದವನ್ನೇ ನಂಬಿಕೊಳ್ಳಬೇಡಿ. ಅದೇ ಮೊತ್ತ ನಾಳೆ "ಪ್ರಚಾರ ಸಹಭಾಗಿತ್ವ", "ಭದ್ರತಾ ನವೀಕರಣ ಪ್ರೋತ್ಸಾಹಧನ" ಎಂಬ ಹೆಸರಿನಲ್ಲಿ ಬರಬಹುದು. "ಯಾವುದೇ ಪ್ರವೇಶದ್ವಾರದಲ್ಲಿ ಸ್ಥಾನ, ಪ್ರಾಮುಖ್ಯ ಅಥವಾ ಪ್ರತಿಸ್ಪರ್ಧಿಯನ್ನು ಹೊರಗಿಡುವುದಕ್ಕೆ ನೇರವಾಗಿಯೋ ಪರೋಕ್ಷವಾಗಿಯೋ ತಳಕು ಹಾಕಿಕೊಂಡ ಯಾವುದೇ ಪ್ರತಿಫಲ" ಎಂದು ಬರೆಯಿರಿ. ಪ್ರವೇಶದ್ವಾರ ಎಂದರೆ ಏನೇನು ಎಂಬ ಪಟ್ಟಿಯೂ ಜೊತೆಗಿರಲಿ: ಬ್ರೌಸರ್ ವಿಳಾಸಪಟ್ಟಿ, ಹೋಮ್ ಸ್ಕ್ರೀನ್ ವಿಜೆಟ್, ಧ್ವನಿ ಸಹಾಯಕ, ಪಠ್ಯ ಒತ್ತಿ ಹಿಡಿದಾಗ ಬರುವ "ಹುಡುಕು" ಮೆನು, ಕ್ಯಾಮೆರಾ ಹುಡುಕಾಟ, ಎಐ ಸಹಾಯಕ.

ಸ್ವತಂತ್ರ ಬ್ರೌಸರ್‌ಗಳ ಬಗ್ಗೆ ನೀವು ಎತ್ತಿದ ಆತಂಕ ನಿಜವಾದದ್ದು. ಫೈರ್‌ಫಾಕ್ಸ್ ಕಟ್ಟುವ ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಗೂಗಲ್ ಒಪ್ಪಂದದಿಂದ ಬರುತ್ತದೆ. ಹಣವನ್ನು ಒಂದೇಟಿಗೆ ನಿಲ್ಲಿಸಿದರೆ ಸರ್ಚ್ ಪೈಪೋಟಿ ಹುಟ್ಟುವ ಮೊದಲೇ ಬ್ರೌಸರ್ ಪೈಪೋಟಿ ಸಾಯುವ ಅಪಾಯವಿದೆ. 2025ರ ಸೆಪ್ಟೆಂಬರ್ 2ರ ಪರಿಹಾರ ಆದೇಶದಲ್ಲಿ ಮೆಹ್ತಾ ಪಾವತಿಯನ್ನು ಪೂರ್ತಿ ನಿಷೇಧಿಸದಿರಲು ಒಂದು ಕಾರಣ ಇದೇ. ಅವರು ನಿಷೇಧಿಸಿದ್ದು ಏಕಮಾತ್ರ ಷರತ್ತನ್ನು. ಕ್ರೋಮ್ ಮಾರಾಟಕ್ಕೂ ಅವರು ಒಪ್ಪಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಪರಿಹಾರ ಅರ್ಧಕ್ಕೇ ನಿಂತಿದೆ. ಏಕಮಾತ್ರ ಷರತ್ತು ಹೋದರೂ ಹೆಚ್ಚು ಕೊಡುವ ಶಕ್ತಿ ಇರುವವನೇ ಎಲ್ಲ ಕಡೆ ಹೆಚ್ಚು ಕೊಡುತ್ತಾನೆ. ನಿಮ್ಮ ಪತ್ರದಲ್ಲಿ ಹಂತಹಂತವಾದ ರೂಪ ಕೇಳಿ: ಫೋನ್ ಮತ್ತು ಕಾರ್ಯವ್ಯವಸ್ಥೆ ತಯಾರಕರಿಗೆ ಪ್ರಬಲ ಎಂಜಿನ್‌ನಿಂದ ಡಿಫಾಲ್ಟ್ ಪಾವತಿ ಪೂರ್ತಿ ಬಂದ್; ಸ್ವಂತ ಸಾಧನ ಮಾರದ ಸಣ್ಣ ಬ್ರೌಸರ್‌ಗಳಿಗೆ ಕೆಲ ವರ್ಷಗಳ ವಿನಾಯಿತಿ; ಯಾವ ಒಪ್ಪಂದವೂ ಒಂದು ವರ್ಷ ಮೀರಕೂಡದು; ಪ್ರತಿ ಪ್ರವೇಶದ್ವಾರಕ್ಕೂ ಬೇರೆ ಬೇರೆ ಒಪ್ಪಂದ. ಪ್ರತಿಸ್ಪರ್ಧಿಗಳು ಹಣ ಕೊಡುವುದಕ್ಕೆ ಅಡ್ಡಿ ಇರಬಾರದು.

---

ಪರದೆಯ ಹಿಂದೆ

ಆಯ್ಕೆ ಪರದೆಯ ಬಗ್ಗೆ ಬರೆಯುತ್ತೇನೆ. ಇಲ್ಲಿ ಸೋಲು ಗೆಲುವು ಎರಡಕ್ಕೂ ದಾಖಲೆ ಇದೆ.

ಮೊದಲು ಕೆಟ್ಟ ವಿನ್ಯಾಸ. ಯುರೋಪಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ 2020ರ ಮಾರ್ಚ್‌ನಿಂದ ಬಂದ ಪರದೆಯಲ್ಲಿ ನಾಲ್ಕು ಹೆಸರು. ಒಂದು ಗೂಗಲ್, ಉಳಿದ ಮೂರು ಹರಾಜಿನಲ್ಲಿ ಗೆದ್ದವು. ಬಳಕೆದಾರ ಆರಿಸಿದಾಗಲೆಲ್ಲ ಗೆದ್ದ ಎಂಜಿನ್ ಹಣ ಕಟ್ಟಬೇಕಿತ್ತು. ಇದರ ಲೆಕ್ಕಾಚಾರ ಸುಲಭ: ಪ್ರತಿ ಬಳಕೆದಾರನಿಂದ ಅತಿ ಹೆಚ್ಚು ಜಾಹೀರಾತು ಹಣ ಎತ್ತುವ ಎಂಜಿನ್ ಮಾತ್ರ ಹೆಚ್ಚು ಕೂಗಬಲ್ಲದು. ಜನರನ್ನು ಹಿಂಬಾಲಿಸದ, ಕಡಿಮೆ ಜಾಹೀರಾತು ತೋರಿಸುವ ಎಂಜಿನ್‌ಗಳು ಅಲ್ಲಿಯೇ ಹಿಂದೆ ಬಿದ್ದವು. ಅಂದರೆ ಜನರಿಗೆ ಒಳ್ಳೆಯದಾದ ಗುಣವೇ ಪರದೆಯ ಮೇಲೆ ಬರಲು ಅಡ್ಡಿಯಾಯಿತು. 2021ರ ಸೆಪ್ಟೆಂಬರ್‌ನಿಂದ ಹರಾಜು ನಿಂತು ಪ್ರವೇಶ ಉಚಿತವಾಯಿತು, ಗರಿಷ್ಠ 12 ಹೆಸರುಗಳಿಗೆ ಜಾಗ ಸಿಕ್ಕಿತು. ಆಯಾ ದೇಶದ ಐದು ಜನಪ್ರಿಯ ಎಂಜಿನ್‌ಗಳು ಮೇಲೆ, ಅವುಗಳೊಳಗೆ ಕ್ರಮ ಯಾದೃಚ್ಛಿಕ.

ಫಲ ಕೊಟ್ಟ ಉದಾಹರಣೆ ರಷ್ಯಾ. 2017ರ ಏಪ್ರಿಲ್‌ನ ರಾಜಿ ಒಪ್ಪಂದದ ನಂತರ ಅಲ್ಲಿನ ಆಂಡ್ರಾಯ್ಡ್‌ನಲ್ಲಿ ಆಯ್ಕೆ ಕಿಟಕಿ ಬಂತು. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಮೇಲಿದ್ದ ಸ್ಥಳೀಯ ಎಂಜಿನ್ ಯಾಂಡೆಕ್ಸ್‌ನ ಪಾಲು ಕೆಲವೇ ವರ್ಷಗಳಲ್ಲಿ ಅರ್ಧ ದಾಟಿತು. ಆದರೆ ಅಲ್ಲಿ ಜನರಿಗೆ ಮೊದಲೇ ಪರಿಚಯವಿದ್ದ, ಆ ಭಾಷೆಯಲ್ಲಿ ಚೆನ್ನಾಗಿ ಹುಡುಕಿಕೊಡುವ, ಸ್ವಂತ ಇಂಡೆಕ್ಸ್ (ವೆಬ್ ಪುಟಗಳನ್ನು ಓದಿ ಕಟ್ಟಿಟ್ಟ ಸೂಚಿ) ಇರುವ ಪ್ರತಿಸ್ಪರ್ಧಿ ಕಾದು ನಿಂತಿತ್ತು. ಪರದೆ ಅದಕ್ಕಿದ್ದ ತಡೆಯನ್ನಷ್ಟೇ ತೆಗೆಯಿತು. ಅಂಥ ಪ್ರತಿಸ್ಪರ್ಧಿ ಇಲ್ಲದ ಕಡೆ ಪರದೆಯಿಂದ ಅಷ್ಟೇ ಫಲ ನಿರೀಕ್ಷಿಸಬೇಡಿ.

ಇದನ್ನು ಗಟ್ಟಿ ಮಾಡುವ ಕ್ಷೇತ್ರ ಪ್ರಯೋಗವೊಂದು 2025ರಲ್ಲಿ ಹೊರಬಂತು, ಅಮೆರಿಕದ ಡೆಸ್ಕ್‌ಟಾಪ್ ಬಳಕೆದಾರರ ಮೇಲೆ ನಡೆದದ್ದು. ಎಂಜಿನ್ ಯಾವುದು ಎಂದು ಸುಮ್ಮನೆ ಆರಿಸಲು ಹೇಳಿದಾಗ ಬಿಂಗ್ ಪಾಲು ಏರಿದ್ದು ಸುಮಾರು ಒಂದು ಶೇಕಡಾವಾರು ಅಂಶ ಮಾತ್ರ. ಆದರೆ ಹಣ ಕೊಟ್ಟು ಎರಡು ವಾರ ಬಿಂಗ್ ಬಳಸುವಂತೆ ಮಾಡಿದಾಗ, ಹಣ ನಿಂತ ಮೇಲೂ ಮೂರರಲ್ಲಿ ಒಂದು ಭಾಗದಷ್ಟು ಜನ ಅದರಲ್ಲೇ ಉಳಿದರು. ಜನ ಹೆಸರು ನೋಡಿ ಆರಿಸುವುದು ಬೇರೆ, ಬಳಸಿ ನೋಡಿ ಆರಿಸುವುದು ಬೇರೆ. ಕರಡಿನ ಮೊದಲ ಬೇಡಿಕೆಯನ್ನು ಇದರ ಬೆಳಕಿನಲ್ಲಿ ತಿದ್ದಬಹುದು: ಒಮ್ಮೆ ಮಾತ್ರ ತೋರಿಸುವ ಪರದೆಗಿಂತ, ವರ್ಷಕ್ಕೊಮ್ಮೆ ಮರುಕಳಿಸುವ, "ಎರಡು ವಾರ ಬಳಸಿ ನೋಡಿ, ಆಮೇಲೆ ಮತ್ತೆ ಕೇಳುತ್ತೇವೆ" ಎಂಬ ಆಯ್ಕೆಯೂ ಇರುವ ಪರದೆಗೆ ಬಲ ಹೆಚ್ಚು.

ಪರದೆ ಕೆಡುವುದು ಸಾಮಾನ್ಯವಾಗಿ ಸಣ್ಣ ಸಂಗತಿಗಳಲ್ಲಿ:

- ಆರಿಸಿದ ಎಂಜಿನ್ ಬ್ರೌಸರ್‌ಗೆ ಮಾತ್ರ ಅನ್ವಯವಾಗಿ ವಿಜೆಟ್, ಧ್ವನಿ ಹಳೆಯದರಲ್ಲೇ ಉಳಿಯುವುದು. ಒಂದು ಆಯ್ಕೆ ಎಲ್ಲ ದ್ವಾರಗಳನ್ನೂ ಬದಲಿಸಬೇಕು.
- ಹೊಸ ಫೋನ್‌ಗಳಿಗಷ್ಟೇ ತೋರಿಸುವುದು. ಬಳಕೆಯಲ್ಲಿರುವ ಫೋನ್‌ಗಳು ಬದಲಾಗುವ ಹೊತ್ತಿಗೆ ಆದೇಶದ ಅವಧಿಯೇ ಮುಗಿದಿರುತ್ತದೆ. ನವೀಕರಣದ ಮೂಲಕ ಹಳೆಯ ಫೋನ್‌ಗಳಿಗೂ ತಲುಪಬೇಕು.
- "ಆಮೇಲೆ ನೋಡೋಣ" ಗುಂಡಿ ಒತ್ತಿದರೆ ಹಳೆಯ ಡಿಫಾಲ್ಟ್ ಸದ್ದಿಲ್ಲದೆ ಉಳಿಯುವುದು.
- ವಿವರಣೆಯ ಸಾಲು ಇಲ್ಲದೆ ಬರೀ ಲೋಗೋ ತೋರಿಸುವುದು. ಪರಿಚಯದ ಲೋಗೋ ಆಗ ಸಲೀಸಾಗಿ ಗೆಲ್ಲುತ್ತದೆ.
- ಕಾರ್ಯವ್ಯವಸ್ಥೆ ನವೀಕರಣವಾದಾಗ ಅಥವಾ ಪ್ರಬಲ ಕಂಪನಿಯ ಆ್ಯಪ್ ತೆರೆದಾಗ "ಮೊದಲಿನ ಸೆಟ್ಟಿಂಗ್‌ಗೆ ಮರಳಲೇ?" ಎಂದು ಮತ್ತೆ ಮತ್ತೆ ಕೇಳುವುದು.

ಪಾಲನೆಯ ಮೇಲ್ವಿಚಾರಣೆಗೆ ಒಂದು ಹಳೆಯ ಪಾಠವಿದೆ. ಯುರೋಪಿನಲ್ಲಿ 2010ರಲ್ಲಿ ಆರಂಭವಾದ ವಿಂಡೋಸ್ ಬ್ರೌಸರ್ ಆಯ್ಕೆ ಪರದೆ 2011ರ ಮೇನಿಂದ 2012ರ ಜುಲೈವರೆಗೆ, ವಿಂಡೋಸ್ 7ರ ಒಂದು ನವೀಕರಣದಿಂದಾಗಿ, ಸುಮಾರು 1.5 ಕೋಟಿ ಬಳಕೆದಾರರಿಗೆ ಕಾಣಿಸಲೇ ಇಲ್ಲ. 2013ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯೂರೋ ದಂಡ ಬಿತ್ತು. 14 ತಿಂಗಳು ಕೊರತೆ ನಡೆದೇ ಇತ್ತು, ಏಕೆಂದರೆ ಪಾಲನಾ ವರದಿ ಬರೆಯುತ್ತಿದ್ದದ್ದು ಕಂಪನಿಯೇ. ಪರದೆ ಎಷ್ಟು ಸಾಧನಗಳಲ್ಲಿ ತೆರೆದುಕೊಂಡಿತು, ಪ್ರತಿ ಸ್ಥಾನದಲ್ಲಿದ್ದ ಹೆಸರನ್ನು ಎಷ್ಟು ಜನ ಒತ್ತಿದರು ಎಂಬ ಎಣಿಕೆ ತಿಂಗಳಿಗೊಮ್ಮೆ ನಿಯಂತ್ರಕರಿಗೂ ಭಾಗವಹಿಸುವ ಎಂಜಿನ್‌ಗಳಿಗೂ ಹೋಗಬೇಕು. ಆಗ ಎಂಜಿನ್‌ಗಳೇ ಕುಸಿತವನ್ನು ವಾರದೊಳಗೆ ಪತ್ತೆ ಹಚ್ಚುತ್ತವೆ.

---

ಇಂಡೆಕ್ಸ್ ಕೆಲಸ

ಕರಡಿನಲ್ಲಿ ಇಂಡೆಕ್ಸ್ ಎಂಬ ಪದವೇ ಇಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಕೊರತೆ.

ಆಯ್ಕೆ ಪರದೆಯಲ್ಲಿ 12 ಹೆಸರು ಕಂಡರೂ ಹಿಂದೆ ಅಷ್ಟು ಎಂಜಿನ್ ಇರುವುದಿಲ್ಲ. ವೆಬ್ ಅನ್ನು ತಾವೇ ಸುತ್ತಿ ದೊಡ್ಡ ಇಂಡೆಕ್ಸ್ ಕಟ್ಟಿಕೊಂಡವು ಬೆರಳೆಣಿಕೆ: ಗೂಗಲ್, ಬಿಂಗ್, ಯಾಂಡೆಕ್ಸ್, ಬೈದು, ಮತ್ತೆ ಸಣ್ಣ ಮಟ್ಟದಲ್ಲಿ ಬ್ರೇವ್, ಮೋಜೀಕ್. ಡಕ್‌ಡಕ್‌ಗೋದ ಸಾಮಾನ್ಯ ಲಿಂಕ್‌ಗಳು ಬಹುತೇಕ ಬಿಂಗ್‌ನಿಂದ ಬರುತ್ತವೆ. ಸ್ಟಾರ್ಟ್‌ಪೇಜ್ ಗೂಗಲ್‌ನಿಂದ ಪಡೆಯುತ್ತದೆ. ಇಕೋಸಿಯಾ ಮತ್ತು ಕ್ವಾಂಟ್ ಕೂಡ ಬಹುಕಾಲ ಬಿಂಗ್ ಮೇಲೆ ನಿಂತಿದ್ದವು, 2024ರ ನವೆಂಬರ್‌ನಲ್ಲಿ ಸೇರಿಕೊಂಡು ಯುರೋಪಿನ ಇಂಡೆಕ್ಸ್ ಕಟ್ಟುವುದಾಗಿ ಘೋಷಿಸಿದವು. ಬಾಡಿಗೆ ಫಲಿತಾಂಶಕ್ಕೆ ಭದ್ರತೆಯಿಲ್ಲ ಎಂಬುದು 2025ರ ಆಗಸ್ಟ್ 11ರಂದು ಕಂಡಿತು. ಬೇರೆಯವರು ಬಿಂಗ್ ಫಲಿತಾಂಶ ಪಡೆಯುವ ಸಂಪರ್ಕ ವ್ಯವಸ್ಥೆಯಾದ ತನ್ನ ಬಿಂಗ್ ಸರ್ಚ್ ಎಪಿಐಗಳನ್ನು ಮೈಕ್ರೋಸಾಫ್ಟ್ ಅಂದು ಮುಚ್ಚಿತು. ಪ್ರತ್ಯೇಕ ಒಪ್ಪಂದವಿದ್ದ ದೊಡ್ಡ ಗ್ರಾಹಕರು ಉಳಿದುಕೊಂಡರು, ಸಣ್ಣವರು ಕೆಲವೇ ತಿಂಗಳಲ್ಲಿ ಬೇರೆ ದಾರಿ ನೋಡಬೇಕಾಯಿತು.

ಸ್ವಂತ ಇಂಡೆಕ್ಸ್ ಕಟ್ಟುವ ಗಣಿತ ಹೀಗಿದೆ. 100 ಕೋಟಿ ಪುಟ, ಅಡಕಗೊಳಿಸಿದ ಮೇಲೆ ಪುಟಕ್ಕೆ 30 ಕಿಲೋಬೈಟ್ ಎಂದುಕೊಂಡರೆ 30 ಟೆರಾಬೈಟ್. ಸಂಗ್ರಹ ಇವತ್ತು ಕಷ್ಟವಲ್ಲ. ಕಷ್ಟ ತಾಜಾತನದ್ದು. ಅಷ್ಟೂ ಪುಟಗಳನ್ನು 30 ದಿನಕ್ಕೊಮ್ಮೆ ಮರುನೋಡಲು ಪ್ರತಿ ಸೆಕೆಂಡಿಗೆ ಸುಮಾರು 386 ಪುಟ, ಬಿಡುವಿಲ್ಲದೆ. ಅದಕ್ಕಿಂತ ಗಟ್ಟಿ ಗೋಡೆ ಸೈಟ್ ಮಟ್ಟದ್ದು: ಸಭ್ಯವಾಗಿ ಸೆಕೆಂಡಿಗೆ ಒಂದೇ ಕೋರಿಕೆ ಕಳಿಸಿದರೆ ದಿನಕ್ಕೆ 86,400 ಪುಟ. 50 ಲಕ್ಷ ಪುಟಗಳಿರುವ ಒಂದು ಸೈಟ್ ಮುಗಿಯಲು 58 ದಿನ ಬೇಕು. ಅಷ್ಟರಲ್ಲಿ ಮೊದಲು ನೋಡಿದ ಪುಟಗಳು ಹಳಸಿರುತ್ತವೆ.

ದೊಡ್ಡ ಎಂಜಿನ್‌ಗೆ ಸೈಟ್‌ನವರೇ ವೇಗ ಸಡಿಲಿಸುತ್ತಾರೆ, ಏಕೆಂದರೆ ಅದು ಓದುಗರನ್ನು ಕಳಿಸುತ್ತದೆ. ಹೊಸ ಕ್ರಾಲರ್ (ಪುಟಗಳನ್ನು ಸುತ್ತಿ ಓದುವ ತಂತ್ರಾಂಶ) ಸರ್ವರ್ ಖರ್ಚು ಮಾತ್ರ ಹೆಚ್ಚಿಸುತ್ತದೆ ಎಂದು ಅವರಿಗೆ ಅನಿಸುತ್ತದೆ, ಯಾವ ಕ್ರಾಲರ್ ಒಳಬರಬಹುದು ಎಂದು ಹೇಳುವ ರೋಬಾಟ್ಸ್ ಕಡತದಲ್ಲಿ ಪರಿಚಯದ ನಾಲ್ಕಾರು ಹೆಸರಿಗೆ ಅನುಮತಿ ಕೊಟ್ಟು ಉಳಿದವರಿಗೆ ಬಾಗಿಲು ಹಾಕುತ್ತಾರೆ. ಎಐ ಕಂಪನಿಗಳ ಕ್ರಾಲರ್‌ಗಳು ಮುತ್ತಿದ ಮೇಲೆ ಈ ಅಭ್ಯಾಸ ಇನ್ನೂ ಬಿಗಿಯಾಗಿದೆ. ಸೈಟ್‌ನವರನ್ನು ದೂರಲಾಗದು, ಅವರ ಲೆಕ್ಕ ಅವರಿಗೆ ಸರಿ. ಆದರೆ ಪರಿಣಾಮವಾಗಿ ಇದ್ದವನಿಗೆ ಇನ್ನಷ್ಟು ತಾಜಾ ಇಂಡೆಕ್ಸ್, ಹೊಸಬನಿಗೆ ಹಳಸಿದ್ದು.

ಪತ್ರದಲ್ಲಿ ಕೇಳಬಹುದಾದದ್ದು ಎರಡು.

ಮೊದಲನೆಯದು ಫಲಿತಾಂಶ ಪೂರೈಕೆ. ಅಮೆರಿಕದ 2025ರ ಆದೇಶದಲ್ಲೂ ಅರ್ಹ ಪ್ರತಿಸ್ಪರ್ಧಿಗಳಿಗೆ ಗೂಗಲ್ ಫಲಿತಾಂಶಗಳನ್ನು ಪೂರೈಸಬೇಕೆಂದಿದೆ. ಷರತ್ತುಗಳನ್ನು ಬಿಡಿಸಿ ಬರೆಯಿರಿ: ಪ್ರತಿ ಸಾವಿರ ಕೋರಿಕೆಗೆ ವೆಚ್ಚಾಧಾರಿತ ದರ, ಬಂದ ಫಲಿತಾಂಶಗಳನ್ನು ಮರುಕ್ರಮಗೊಳಿಸುವ, ಬೇರೆ ಮೂಲಗಳ ಜೊತೆ ಬೆರೆಸುವ ಹಕ್ಕು, ಯಾವ ಕೋರಿಕೆಗೆ ಬಳಸಬೇಕು ಎಂಬುದು ಪಡೆಯುವವರ ಇಷ್ಟ, ಜಾಹೀರಾತು ಕೂಡ ಅವರಿಂದಲೇ ಕೊಳ್ಳಬೇಕೆಂಬ ಕಟ್ಟು ಇರಕೂಡದು, ನಿಲ್ಲಿಸುವುದಾದರೆ ಕನಿಷ್ಠ 24 ತಿಂಗಳ ಮುನ್ಸೂಚನೆ. ಮರುಕ್ರಮದ ಹಕ್ಕು ಇಲ್ಲದಿದ್ದರೆ ಬಾಡಿಗೆದಾರ ಎಂದೂ ಬೇರೆ ಎಂಜಿನ್ ಆಗಲಾರ, ಅದೇ ಅಡುಗೆಯನ್ನು ಬೇರೆ ತಟ್ಟೆಯಲ್ಲಿ ಬಡಿಸುತ್ತಾನೆ ಅಷ್ಟೆ.

ಎರಡನೆಯದು ಬದಲಾವಣೆಯ ಸುದ್ದಿ. ಪುಟ ಬದಲಾದ ಕೂಡಲೇ ಸೈಟ್ ತಾನೇ ತಿಳಿಸುವ ಇಂಡೆಕ್ಸ್‌ನೌ ಎಂಬ ವ್ಯವಸ್ಥೆಯನ್ನು ಬಿಂಗ್ ಮತ್ತು ಯಾಂಡೆಕ್ಸ್ 2021ರಲ್ಲಿ ತಂದವು. ಒಬ್ಬರಿಗೆ ತಿಳಿಸಿದರೆ ಭಾಗವಹಿಸುವ ಎಲ್ಲರಿಗೂ ತಲುಪುತ್ತದೆ. ಕುರುಡಾಗಿ ಮರುನೋಡುವ ಕ್ರಾಲ್ ಇದರಿಂದ ಬಹಳ ಕಡಿಮೆಯಾಗುತ್ತದೆ, ಸೈಟ್‌ನವರ ಸರ್ವರ್ ಖರ್ಚೂ ಇಳಿಯುತ್ತದೆ. ಯಾವ ಪುಟ ಯಾವಾಗ ಬದಲಾಯಿತು ಎಂಬ ಪಟ್ಟಿಯನ್ನು ಪ್ರಬಲ ಎಂಜಿನ್ ದಿನಕ್ಕೊಮ್ಮೆ ಹಂಚಿಕೊಳ್ಳಬೇಕೆಂದು ಕೇಳಿ. ಅದರಲ್ಲಿ ಬಳಕೆದಾರರ ಮಾಹಿತಿ ಒಂದಕ್ಷರವೂ ಇಲ್ಲ, ಹಾಗಾಗಿ ಖಾಸಗಿತನದ ನೆಪಕ್ಕೆ ಎಡೆಯಿಲ್ಲ.

---

ಬಾಲದ ಕೋರಿಕೆ

ಮೂರನೇ ಬೇಡಿಕೆ, ಡೇಟಾ. "ಡೇಟಾ ಕೊಡಿ" ಎಂದು ಒಂದೇ ಸಾಲು ಬರೆದರೆ ನಿಮಗೆ ಸಿಗುವುದು ಎಲ್ಲರಿಗೂ ಗೊತ್ತಿರುವ ಕೋರಿಕೆಗಳ (ಜನ ಹುಡುಕಲು ಬರೆಯುವ ಪದಗಳ) ಪಟ್ಟಿ.

ಸರ್ಚ್ ಎಂಜಿನ್‌ನ ಗುಣಮಟ್ಟ ಪರೀಕ್ಷೆಯಾಗುವುದು ಅಪರೂಪದ ಕೋರಿಕೆಗಳಲ್ಲಿ, ಅಂದರೆ ಪಟ್ಟಿಯ ಬಾಲದಲ್ಲಿ. ಹೆಸರುವಾಸಿ ಕೋರಿಕೆಗೆ ಯಾವ ಎಂಜಿನ್ ಆದರೂ ಸರಿಯಾದ ಉತ್ತರ ಕೊಡುತ್ತದೆ. ಅಮೆರಿಕದ ತೀರ್ಪಿನಲ್ಲಿ ಉಲ್ಲೇಖವಾದ ಒಂದು ವಿಶ್ಲೇಷಣೆಯಲ್ಲಿ, ಗೂಗಲ್ ಮತ್ತು ಬಿಂಗ್ ಎರಡೂ ಎಂಜಿನ್‌ಗಳ 37 ಲಕ್ಷ ವಿಶಿಷ್ಟ ಕೋರಿಕೆಗಳ ಪೈಕಿ ಶೇ 93 ಗೂಗಲ್‌ಗೆ ಮಾತ್ರ ಬಂದಿದ್ದವು, ಬಿಂಗ್‌ಗೆ ಮಾತ್ರ ಬಂದವು ಶೇ 4.8. ಗೂಗಲ್‌ನ 13 ತಿಂಗಳ ಬಳಕೆದಾರ ಡೇಟಾಗೆ ಸಮನಾಗಲು ಬಿಂಗ್‌ಗೆ 17 ವರ್ಷಕ್ಕೂ ಹೆಚ್ಚು ಬೇಕು ಎಂಬ ಮಾತೂ ಅಲ್ಲಿದೆ. 13 ತಿಂಗಳು ಎಂಬ ಅವಧಿ ಸುಮ್ಮನೆ ಬಂದದ್ದಲ್ಲ. ನ್ಯಾವ್‌ಬೂಸ್ಟ್ ಎಂಬ ಗೂಗಲ್‌ನ ಕ್ರಮಾಂಕ (ಫಲಿತಾಂಶಗಳನ್ನು ಮೇಲೆ ಕೆಳಗೆ ಜೋಡಿಸುವ) ವ್ಯವಸ್ಥೆ ಅಷ್ಟು ತಿಂಗಳ ಕ್ಲಿಕ್‌ಗಳ ಮೇಲೆ ಕೆಲಸ ಮಾಡುತ್ತದೆ ಎಂದು ವಿಚಾರಣೆಯಲ್ಲಿ ಸಾಕ್ಷ್ಯ ಬಂತು.

ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ 6(11)ನೇ ವಿಧಿ 2024ರ ಮಾರ್ಚ್ 7ರಿಂದ ಅನ್ವಯವಾಗುತ್ತಿದೆ. ಕ್ರಮಾಂಕ, ಕೋರಿಕೆ, ಕ್ಲಿಕ್ ಮತ್ತು ವೀಕ್ಷಣೆ ಡೇಟಾವನ್ನು ನ್ಯಾಯವಾದ ಷರತ್ತಿನಲ್ಲಿ ಕೊಡಬೇಕು, ವೈಯಕ್ತಿಕ ಮಾಹಿತಿಯನ್ನು ಅನಾಮಿಕಗೊಳಿಸಬೇಕು. ಪದಗಳು ಚೆನ್ನಾಗಿವೆ. ಜಾರಿಗೆ ಬಂದಾಗ ಗೂಗಲ್ ಇಟ್ಟ ಮಿತಿ ಇದು: ಹಿಂದಿನ 13 ತಿಂಗಳಲ್ಲಿ ಲಾಗಿನ್ ಆದ ಕನಿಷ್ಠ 30 ಬಳಕೆದಾರರು ಬರೆದ ಕೋರಿಕೆಗಳು ಮಾತ್ರ ಸೇರುತ್ತವೆ. ಇದರಿಂದ ಸುಮಾರು ಶೇ 99 ಕೋರಿಕೆಗಳು ಹೊರಗುಳಿಯುತ್ತವೆ ಎಂದು ಡಕ್‌ಡಕ್‌ಗೋ ಆಕ್ಷೇಪಿಸಿತು. ಬಾಲವನ್ನು ಕತ್ತರಿಸಿ ತಲೆಯನ್ನು ಕೊಟ್ಟಂತಾಯಿತು, ಬೇಕಿದ್ದದ್ದು ಬಾಲ.

ಮಿತಿ ಇರಲೇಬಾರದು ಎಂದು ನಾನು ಹೇಳುತ್ತಿಲ್ಲ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಸಂಶೋಧನೆಗೆಂದು ಸುಮಾರು 6.5 ಲಕ್ಷ ಜನರ 2 ಕೋಟಿ ಕೋರಿಕೆಗಳನ್ನು ಹೆಸರಿನ ಬದಲು ಸಂಖ್ಯೆ ಹಾಕಿ ಬಿಡುಗಡೆ ಮಾಡಿತು. ಒಂದೇ ಸಂಖ್ಯೆಯ ಕೋರಿಕೆಗಳನ್ನು ಜೋಡಿಸಿ ಪತ್ರಕರ್ತರು ಕೆಲವೇ ದಿನಗಳಲ್ಲಿ ವ್ಯಕ್ತಿಯನ್ನು ಗುರುತಿಸಿದರು. ಅಲ್ಲಿ ಮನೆ ಮುರಿದದ್ದು ಆ ಜೋಡಿಸುವ ಸಂಖ್ಯೆ. ಕೋರಿಕೆಗಳನ್ನು ಬಿಡಿಬಿಡಿಯಾಗಿ, ಯಾವ ಬಳಕೆದಾರ ಗುರುತೂ ಇಲ್ಲದೆ ಕೊಟ್ಟರೆ ಅಪಾಯ ಬಹಳ ಇಳಿಯುತ್ತದೆ. ಉಳಿಯುವುದು ಕೋರಿಕೆಯ ಪಠ್ಯದೊಳಗೇ ಅಡಗಿರುವ ಹೆಸರು, ಫೋನ್ ಸಂಖ್ಯೆ, ವಿಳಾಸ. ಅದನ್ನು ಪಠ್ಯ ಶೋಧಕದಿಂದ ತೆಗೆಯಬೇಕು.

ಹಾಗಾಗಿ ಕೇಳಬೇಕಾದ ಕಾಲಂಗಳು: ಕೋರಿಕೆ ಪಠ್ಯ, ಭಾಷೆ, ದೇಶ, ಸಾಧನದ ಬಗೆ, ವಾರ (ದಿನ ಗಂಟೆ ಬೇಡ), ತೋರಿಸಿದ ಫಲಿತಾಂಶಗಳ ವಿಳಾಸ ಮತ್ತು ಸ್ಥಾನ, ಕ್ಲಿಕ್ ಎಣಿಕೆ, ಕ್ಲಿಕ್ ಮಾಡಿ ತಕ್ಷಣ ವಾಪಸಾದವರ ಎಣಿಕೆ. ಕೊನೆಯದನ್ನು ಬಿಡಬೇಡಿ. ತಲೆಬರಹ ನೋಡಿ ಮೋಸಹೋದ ಕ್ಲಿಕ್ ಮತ್ತು ಉತ್ತರ ಸಿಕ್ಕ ಕ್ಲಿಕ್ ಬೇರ್ಪಡುವುದು ಅದರಿಂದಲೇ. ತೋರಿಸಿದರೂ ಯಾರೂ ಒತ್ತದ ವಿಳಾಸಗಳೂ ಬೇಕು. ಇಲ್ಲದಿದ್ದರೆ ಮೇಲಿನ ಸ್ಥಾನಕ್ಕೆ ಸಹಜವಾಗಿ ಬೀಳುವ ಕ್ಲಿಕ್‌ಗಳನ್ನು ಗುಣಮಟ್ಟವೆಂದು ತಪ್ಪಾಗಿ ಕಲಿಯುತ್ತೇವೆ.

ಮಿತಿಗೆ ಸಿಗದ ಬಾಲಕ್ಕೆ ಬೇರೆ ದಾರಿ: ಡೇಟಾವನ್ನು ಹೊರಗೆ ಕೊಡದೆ, ಮೂರನೆಯವರ ನಿಗಾದ ಮುಚ್ಚಿದ ಗಣಕ ಪರಿಸರದಲ್ಲಿ ಪ್ರತಿಸ್ಪರ್ಧಿ ತನ್ನ ಕ್ರಮಾಂಕ ಮಾದರಿಯನ್ನು ತರಬೇತುಗೊಳಿಸಿ, ಮಾದರಿಯನ್ನಷ್ಟೇ ಹೊರತರುವುದು. ಹೊರಬರುವ ಮಾದರಿ ಕೋರಿಕೆಗಳನ್ನು ಕಂಠಪಾಠ ಮಾಡಿಕೊಂಡಿಲ್ಲವೇ ಎಂಬ ಪರೀಕ್ಷೆ ಕಡ್ಡಾಯ. ಜೊತೆಗೆ ವ್ಯಕ್ತಿಗಳನ್ನು ಮರುಗುರುತಿಸಲು ಯತ್ನಿಸಿದರೆ ಪ್ರವೇಶ ರದ್ದು ಎಂಬ ಷರತ್ತು, ವಾರ್ಷಿಕ ಲೆಕ್ಕಪರಿಶೋಧನೆ.

---

ಹುಡುಕುನೋಟ

ಎಲ್ಲರಿಗೂ ಧನ್ಯವಾದ. ಬಾಲದ ಕೋರಿಕೆ ಅವರಲ್ಲಿ ಒಂದು ಪ್ರಶ್ನೆ: 30 ಜನರ ಮಿತಿ ಎಲ್ಲ ಭಾಷೆಗೂ ಒಂದೇ ಆದರೆ ಕಡಿಮೆ ಜನ ಬಳಸುವ ಭಾಷೆಗಳಿಗೆ ಹೊಡೆತ ಹೆಚ್ಚಲ್ಲವೇ? ಇನ್ನು ನಾಲ್ಕನೇ ಬೇಡಿಕೆಯನ್ನು ಯಾರೂ ಮುಟ್ಟಿಲ್ಲ.

---

ಬಾಲದ ಕೋರಿಕೆ

ಹೌದು, ಅದೂ ಎರಡು ಪಟ್ಟು. ಬಳಕೆದಾರರು ಕಡಿಮೆ ಎಂಬುದು ಒಂದು. ಪದರೂಪಗಳು ಹೆಚ್ಚು ಎಂಬುದು ಇನ್ನೊಂದು. ಕನ್ನಡವನ್ನೇ ನೋಡಿ: ಸಾಲ, ಸಾಲದ, ಸಾಲಕ್ಕೆ, ಸಾಲದಿಂದ, ಸಾಲವನ್ನು. ಪ್ರತ್ಯಯ ಬದಲಾದಂತೆ ಒಂದೇ ಅಗತ್ಯದ ಕೋರಿಕೆ ಐದಾರು ರೂಪಗಳಲ್ಲಿ ಚದುರುತ್ತದೆ. ರೋಮನ್ ಅಕ್ಷರದಲ್ಲಿ ಟೈಪ್ ಮಾಡುವವರದು ಮತ್ತಷ್ಟು ಕಾಗುಣಿತ. ಒಟ್ಟು 200 ಜನ ಅದನ್ನೇ ಹುಡುಕಿದ್ದರೂ ಯಾವ ಒಂದು ರೂಪವೂ 30 ಮುಟ್ಟದೆ ಎಲ್ಲವೂ ಹೊರಗೆ ಬೀಳಬಹುದು. ಪರಿಹಾರ: ಮಿತಿಯನ್ನು ಅಕ್ಷರಶಃ ಪಠ್ಯದ ಮೇಲೆ ಎಣಿಸದೆ, ಪ್ರತ್ಯಯ ಬಿಡಿಸಿ ಲಿಪಿ ಒಂದುಗೂಡಿಸಿದ ಗುಂಪಿನ ಮೇಲೆ ಎಣಿಸಬೇಕು, ಗುಂಪು ಮಿತಿ ದಾಟಿದರೆ ಅದರ ಎಲ್ಲ ರೂಪಗಳೂ ಸೇರಬೇಕು. ಹಾಗೆ ಸೇರಿಸುವ ಪ್ರತಿ ರೂಪಕ್ಕೂ ಹೆಸರು, ಸಂಖ್ಯೆ ತೆಗೆಯುವ ಶೋಧಕ ಓಡಿರಬೇಕು. ಲಾಗಿನ್ ಆದವರನ್ನಷ್ಟೇ ಎಣಿಸುವುದನ್ನೂ ಪ್ರಶ್ನಿಸಿ, ಲಾಗಿನ್ ಆಗದೆ ಹುಡುಕುವವರು ಆ ಲೆಕ್ಕಕ್ಕೆ ಬರುವುದೇ ಇಲ್ಲ.

---

ಪಕ್ಕದ ಪಟ್ಟಿ

ನಾಲ್ಕನೇ ಬೇಡಿಕೆ ನಾನು ಹೇಳುತ್ತೇನೆ.

ಗೂಗಲ್ ತನ್ನ ಬೆಲೆ ಹೋಲಿಕೆ ಸೇವೆಯನ್ನು ಫಲಿತಾಂಶಗಳಲ್ಲಿ ಮೇಲೇರಿಸಿದ ಶಾಪಿಂಗ್ ಪ್ರಕರಣದ ಕಾಲಗಣನೆ ಒಂದೇ ಸಾಕು. ಯುರೋಪಿಯನ್ ಆಯೋಗ ವಿಚಾರಣೆ ಆರಂಭಿಸಿದ್ದು 2010ರಲ್ಲಿ, 242 ಕೋಟಿ ಯೂರೋ ದಂಡ 2017ರ ಜೂನ್ 27ರಂದು, ಉನ್ನತ ನ್ಯಾಯಾಲಯದ ಅಂತಿಮ ಮುದ್ರೆ 2024ರ ಸೆಪ್ಟೆಂಬರ್ 10ರಂದು. 14 ವರ್ಷ ಕಾದು ಗೆದ್ದ ಬೆಲೆ ಹೋಲಿಕೆ ತಾಣಕ್ಕೆ ಆ ಗೆಲುವಿನಿಂದ ಓದುಗರು ವಾಪಸ್ ಬರುವುದಿಲ್ಲ. ಭಾರತದಲ್ಲೂ ಇಂಥದೇ ಪಕ್ಷಪಾತದ 2012ರ ದೂರಿಗೆ 135.86 ಕೋಟಿ ರೂಪಾಯಿ ದಂಡದ ಆದೇಶ ಬಂದಿದ್ದು 2018ರ ಫೆಬ್ರುವರಿಯಲ್ಲಿ. ಆದ್ದರಿಂದ ಮಧ್ಯಂತರ ಆದೇಶದ ಅಧಿಕಾರ ಮತ್ತು ಗಡುವು ಎರಡನ್ನೂ ಬೇಡಿಕೆಯೊಳಗೇ ಸೇರಿಸಿ.

"ಸ್ವಂತ ಸೇವೆಗೆ ಆದ್ಯತೆ ಬೇಡ" ಎಂಬುದನ್ನು ಅಳೆಯುವಂತೆ ಬರೆಯುವುದು ಕಷ್ಟ, ಅಸಾಧ್ಯವಲ್ಲ. ಸ್ಥಾನ, ಗಾತ್ರ, ಚಿತ್ರ, ಬಣ್ಣ, ನಕ್ಷೆ ಪೆಟ್ಟಿಗೆ, ಹೆಚ್ಚುವರಿ ಗುಂಡಿ: ಇವುಗಳಲ್ಲಿ ಯಾವುದು ಸ್ವಂತ ಸೇವೆಗೆ ಸಿಗುತ್ತದೆಯೋ ಅದು ಅದೇ ನಿಯಮದ ಮೇಲೆ ಹೊರಗಿನವರಿಗೂ ಸಿಗಬೇಕು. ಪುಟವಿನ್ಯಾಸದ ಪ್ರತಿ ಪ್ರಯೋಗದ ದಾಖಲೆ ಐದು ವರ್ಷ ಉಳಿಯಬೇಕು. ನಿಯಂತ್ರಕರು ಕೇಳಿದಾಗ ಸ್ವಂತ ಪೆಟ್ಟಿಗೆ ಇಲ್ಲದ ಪುಟವನ್ನು ಒಂದು ಸಣ್ಣ ಶೇಕಡಾ ಬಳಕೆದಾರರಿಗೆ ತೋರಿಸಿ ಕ್ಲಿಕ್ ಎಲ್ಲಿ ಹೋಗುತ್ತದೆಂದು ಅಳೆಯಬೇಕು. ಶಾಪಿಂಗ್ ಪ್ರಕರಣದ ನಂತರ ಬಂದ ವ್ಯವಸ್ಥೆಯಲ್ಲಿ ಪ್ರತಿಸ್ಪರ್ಧಿಗಳು ಆ ಪೆಟ್ಟಿಗೆಯೊಳಗೆ ಜಾಗಕ್ಕಾಗಿ ಹರಾಜು ಕೂಗಬೇಕಾಯಿತು. ಸಮಾನತೆ ಕಾಗದದ ಮೇಲೆ ಬಂತು, ಲಾಭಾಂಶ ಹರಾಜಿಗೇ ಹೋಯಿತು. ನಿಮ್ಮ ಪತ್ರದಲ್ಲಿ "ಹರಾಜಿನ ಮೂಲಕವಲ್ಲ" ಎಂಬ ಎರಡು ಪದ ಸೇರಿಸಿದರೆ ಆ ದಾರಿ ಮುಚ್ಚುತ್ತದೆ.

ಎಐ ಸಾರಾಂಶ ಪೆಟ್ಟಿಗೆಯೂ ಇದೇ ಬೇಡಿಕೆಗೆ ಸೇರಬೇಕು. ಗೂಗಲ್‌ನಲ್ಲಿ ಆ ಸಾರಾಂಶಕ್ಕೆ ಬಳಸುವ ಪುಟಗಳನ್ನು ತರುವುದು ಸಾಮಾನ್ಯ ಹುಡುಕಾಟದ ಅದೇ ಕ್ರಾಲರ್. ಅದನ್ನು ತಡೆದರೆ ಸೈಟ್ ಹುಡುಕಾಟದಿಂದಲೇ ಮಾಯವಾಗುತ್ತದೆ. ಹಾಗಾಗಿ ಪ್ರಕಾಶಕರಿಗೆ ಇಲ್ಲ ಎನ್ನುವ ನಿಜವಾದ ಅವಕಾಶವಿಲ್ಲ, ಆದರೆ ಹೊಸ ಎಐ ಎಂಜಿನ್‌ನ ಕ್ರಾಲರ್‌ಗೆ ಇಲ್ಲ ಎನ್ನುವುದು ಸುಲಭ. ಎರಡು ಬಳಕೆಗೂ ಬೇರೆ ಬೇರೆ ಕ್ರಾಲರ್ ಹೆಸರು, ಒಂದನ್ನು ತಡೆದರೆ ಇನ್ನೊಂದರ ಕ್ರಮಾಂಕ ಕುಗ್ಗಕೂಡದು ಎಂದು ಬರೆಯಿರಿ.

ಒಂದು ಎಚ್ಚರಿಕೆ. ಗೂಗಲ್‌ನ ಜಾಹೀರಾತು ಸೇವೆಯಾದ ಆಡ್‌ಸೆನ್ಸ್ ಪ್ರಕರಣದಲ್ಲಿ 2019ರಲ್ಲಿ ಹಾಕಿದ 149 ಕೋಟಿ ಯೂರೋ ದಂಡವನ್ನು 2024ರ ಸೆಪ್ಟೆಂಬರ್ 18ರಂದು ನ್ಯಾಯಾಲಯ ರದ್ದು ಮಾಡಿತು. ಆಯೋಗ ಒಪ್ಪಂದಗಳ ಅವಧಿಯನ್ನು ಅಳೆಯುವಾಗ ಸಂಬಂಧಿಸಿದ ಎಲ್ಲ ಸಂದರ್ಭಗಳನ್ನೂ ಪರಿಗಣಿಸಿರಲಿಲ್ಲ ಎಂಬ ಕಾರಣಕ್ಕೆ. ಆಕ್ಷೇಪ ಎಷ್ಟೇ ನ್ಯಾಯವಾಗಿದ್ದರೂ ದಾಖಲೆ ತೆಳುವಾದರೆ ಆದೇಶ ಉರುಳುತ್ತದೆ. ಒಪ್ಪಂದಗಳ ಆರಂಭ, ಅಂತ್ಯ, ನವೀಕರಣದ ದಿನಾಂಕ, ಪ್ರತಿ ಒಪ್ಪಂದಕ್ಕೆ ಒಳಪಟ್ಟ ಹುಡುಕಾಟಗಳ ಪ್ರಮಾಣ ಇವನ್ನು ಕಂಪನಿಯಿಂದ ತರಿಸಿಕೊಳ್ಳುವಂತೆ ನಿಯಂತ್ರಕರನ್ನು ಮೊದಲ ಪುಟದಲ್ಲೇ ಕೋರಿ.

---

ಹುಡುಕುನೋಟ

ಕ್ರಮ ಬದಲಾಯಿಸಿದೆ. ಈಗ ಮೊದಲು ಪಾವತಿ ಮತ್ತು ಆ್ಯಪ್ ಕಟ್ಟು, ಅದರ ಜೊತೆಗೇ ಡೇಟಾ ಮತ್ತು ಫಲಿತಾಂಶ ಪೂರೈಕೆ, ಆಮೇಲೆ ಪುಟದೊಳಗಿನ ಸಮಾನತೆ. ಆಯ್ಕೆ ಪರದೆಯನ್ನು ಕೊನೆಗೆ ಇಟ್ಟು, ಡೇಟಾ ಹರಿಯಲು ಶುರುವಾಗಿ 12 ತಿಂಗಳ ಬಳಿಕ ಮೊದಲ ಬಾರಿ ತೋರಿಸಬೇಕು ಎಂದು ಬರೆದಿದ್ದೇನೆ. ಸರಿಯೇ?

---

ಪರದೆಯ ಹಿಂದೆ

ಕ್ರಮ ಸರಿ, 12 ತಿಂಗಳ ಷರತ್ತು ಬೇಡ. ಡೇಟಾ ಹಂಚಿಕೆ ಮೇಲ್ಮನವಿಯಲ್ಲಿ ಸಿಕ್ಕಿಬಿದ್ದರೆ ಪರದೆಯೂ ಅದರೊಂದಿಗೆ ಸಿಕ್ಕಿಬೀಳುತ್ತದೆ. ಪರದೆಗೆ ಸ್ವತಂತ್ರ ದಿನಾಂಕ ಕೊಡಿ, "ನಂತರ ಪ್ರತಿ 12 ತಿಂಗಳಿಗೊಮ್ಮೆ" ಎಂದು ಸೇರಿಸಿ. ಡೇಟಾ ತಡವಾದರೂ ಎರಡನೇ ಅಥವಾ ಮೂರನೇ ಸುತ್ತಿನ ಪರದೆ ಸುಧಾರಿಸಿದ ಎಂಜಿನ್‌ಗಳಿಗೆ ಸಿಗುತ್ತದೆ.

---

ಒಪ್ಪಂದದ ಸಾಲು

ಇದಕ್ಕೆ ನನ್ನ ಸಹಮತ. ಎಲ್ಲ ಬೇಡಿಕೆಗಳಿಗೂ ಹಾಗೆಯೇ ಮಾಡಿ: ಪ್ರತಿಯೊಂದಕ್ಕೂ ಬೇರೆ ವಿಧಿ ಸಂಖ್ಯೆ, ಬೇರೆ ದಿನಾಂಕ, ಜೊತೆಗೆ "ಯಾವುದೇ ಒಂದು ವಿಧಿಗೆ ತಡೆಯಾಜ್ಞೆ ಬಂದರೂ ಉಳಿದವು ಜಾರಿಯಲ್ಲಿರುತ್ತವೆ" ಎಂಬ ಸಾಲು. ಡೇಟಾ ವಿಧಿಯಲ್ಲಿ ಬರೀ "ಅನಾಮಿಕ" ಎಂದು ನಿಲ್ಲಿಸಬೇಡಿ. ಯಾವ ಕಾಲಂ ತೆಗೆಯಬೇಕು, ಯಾವ ಮಿತಿ, ಮಿತಿಯನ್ನು ಯಾರು ಎಷ್ಟು ತಿಂಗಳಿಗೊಮ್ಮೆ ಮರುಪರಿಶೀಲಿಸಬೇಕು ಎಂಬುದು ಪತ್ರದಲ್ಲೇ ಇರಲಿ. ಅದನ್ನು ಕಂಪನಿಯ ವಿವೇಚನೆಗೆ ಬಿಟ್ಟರೆ 30 ಜನರ ಮಿತಿಯಂಥದ್ದೇ ಮತ್ತೆ ಬರುತ್ತದೆ.